ಟ್ರಾಲಿ ಗಡಿ ದಾಟುವ ಮುನ್ನ: ಬೀದರ್ ರೈತರಿಗೆ ಒಂಬತ್ತು ಸೂತ್ರ

ಟ್ರ್ಯಾಕ್ಟರಿಗೆ ಕೀಲಿಕೈ ಇದೆ, ಅದರ ಹಿಂದಿನ ಟ್ರಾಲಿಗೆ ಇಲ್ಲ. ಇಂಜಿನ್ ಇಲ್ಲ, ಹ್ಯಾಂಡಲ್ ಲಾಕ್ ಇಲ್ಲ. ಯಾರದೋ ಟ್ರ್ಯಾಕ್ಟರ್ ರಿವರ್ಸ್ ಬಂದು ಕೊಂಡಿಗೆ ಪಿನ್ನು ಇಳಿಸಿದರೆ ಎರಡು ನಿಮಿಷದಲ್ಲಿ ಟ್ರಾಲಿ ರಸ್ತೆಗೆ ಬಿದ್ದಿರುತ್ತದೆ. ನಡುರಾತ್ರಿ ಬೈಕ್ ತಳ್ಳಿಕೊಂಡು ಹೋಗುವವನನ್ನು ಯಾರಾದರೂ ತಡೆದು ಕೇಳಿಯಾರು. ಟ್ರಾಲಿ ಎಳೆದುಕೊಂಡು ಹೊರಟವನಿಗೆ "ಯಾರ್ ಟ್ರಾಲಿ ರೀ ಇದು?" ಎನ್ನುವವರಿಲ್ಲ. ಕಬ್ಬಿನ ಸೀಜನ್ನಿನಲ್ಲಂತೂ ರಾತ್ರಿಯೆಲ್ಲ ಟ್ರಾಲಿಗಳು ಓಡುತ್ತಲೇ ಇರುತ್ತವೆ. ಅವುಗಳಲ್ಲಿ ಕದ್ದದ್ದು ಯಾವುದು ಎಂದು ಹೇಗೆ ಗೊತ್ತಾಗಬೇಕು?

ನಮ್ಮ ಜಿಲ್ಲೆಗೆ ಇನ್ನೊಂದು ಕಷ್ಟವಿದೆ. ಬೀದರ್ ಬಿಟ್ಟರೆ ಜಹೀರಾಬಾದ್, ಭಾಲ್ಕಿ ಬಿಟ್ಟರೆ ಉದಗೀರ್, ಔರಾದ್ ಬಿಟ್ಟರೆ ಒಂದು ಕಡೆ ದೇಗಲೂರು, ಇನ್ನೊಂದು ಕಡೆ ನಾರಾಯಣಖೇಡ. ಬೆಳಗಾಗುವುದರೊಳಗೆ ಟ್ರಾಲಿ ಬೇರೆ ರಾಜ್ಯ ಸೇರಿ, ವಾರದೊಳಗೆ ಬೇರೆ ಬಣ್ಣ ಬಳಿಸಿಕೊಳ್ಳಬಹುದು. ಹಾಗಾಗಿ ಮಾಡಬೇಕಾದ ಕೆಲಸ ಎರಡು. ಅದು ಉರುಳದಂತೆ ಮಾಡಬೇಕು. ಉರುಳಿ ಹೋದರೂ ನಿಮ್ಮದೇ ಎಂದು ಗುರುತು ಹಿಡಿಯುವಂತಿರಬೇಕು.

1. ಕೊಂಡಿಯ ತೂತು ಮುಚ್ಚಿ

ಪಿನ್ನು ಮನೆಗೆ ಒಯ್ದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಸಾಲದು. ಕಳ್ಳನ ಟ್ರ್ಯಾಕ್ಟರಿನಲ್ಲಿ ಅವನದೇ ಪಿನ್ನು ಇರುತ್ತದೆ. ಕಾಯಬೇಕಾದ್ದು ಪಿನ್ನನ್ನಲ್ಲ, ಪಿನ್ನು ಇಳಿಯುವ ತೂತನ್ನು. ವಿದೇಶಗಳಲ್ಲಿ ಟ್ರೇಲರುಗಳಿಗೆ ಕೊಂಡಿಯ ಬಾಯಿ ಕಟ್ಟುವ ಲಾಕನ್ನು ಅಂಗಡಿಯಲ್ಲೇ ಕೊಳ್ಳುತ್ತಾರೆ. ನಮಗೆ ಊರಿನ ವೆಲ್ಡಿಂಗ್ ಅಂಗಡಿಯೇ ಸಾಕು. ತೂತಿನ ಅಳತೆಗೆ ದಪ್ಪ ಕಬ್ಬಿಣದ ಗೂಟ ಮಾಡಿಸಿ. ಅದರ ಮೇಲೆ ಅಗಲ ತಲೆ ಇರಲಿ, ಕೆಳಗೆ ಕೀಲಿ ಹಾಕಲು ತೂತು ಇರಲಿ. ಗೂಟ ಇಳಿಸಿ ಕೀಲಿ ಜಡಿದರೆ ಬೇರೆ ಪಿನ್ನಿಗೆ ಜಾಗವೇ ಇರುವುದಿಲ್ಲ. ಕೀಲಿಯ ಸುತ್ತ ತಗಡಿನ ಗೂಡು ಬೆಸೆಸಿದರೆ ಕಟರ್‌ನ ಬಾಯಿ ಒಳಗೆ ಹೋಗುವುದಿಲ್ಲ. ಒಂಬತ್ತು ಸೂತ್ರಗಳಲ್ಲಿ ಒಂದನ್ನೇ ಮಾಡುವೆ ಎನ್ನುವವರು ಇದನ್ನು ಮಾಡಿ.

2. ಮೂತಿ ಗೋಡೆಗೆ, ಗಾಲಿ ಸರಪಳಿಗೆ

ಟ್ರಾಲಿ ನಿಲ್ಲಿಸುವಾಗ ಕೊಂಡಿ ರಸ್ತೆಯ ಕಡೆ ಇದ್ದರೆ ಕಳ್ಳನಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಮೂತಿ ಗೋಡೆಗೆ ತಾಗುವಂತೆ ನಿಲ್ಲಿಸಿ. ಹೊಲದಲ್ಲಾದರೆ ಬೇವಿನ ಮರದ ಕಡೆಗೆ ತಿರುಗಿಸಿ, ರಿಮ್ಮಿನ ತೂತಿನೊಳಗಿಂದ ಸರಪಳಿ ಪೋಣಿಸಿ ಮರಕ್ಕೆ ಸುತ್ತಿ ಕೀಲಿ ಹಾಕಿ. ಸರಪಳಿ ನೆಲಕ್ಕೆ ತಾಗದಿರಲಿ; ನೆಲದ ಮೇಲೆ ಬಿದ್ದ ಸರಪಳಿಯನ್ನು ಕಲ್ಲಿಗಿಟ್ಟು ಒಡೆಯುವುದು ಸುಲಭ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೆಲಸವಿಲ್ಲದೆ ನಿಲ್ಲುವ ಟ್ರಾಲಿಯ ಒಂದು ಗಾಲಿ ಬಿಚ್ಚಿ ಮನೆಯೊಳಗಿಡಿ, ಅಚ್ಚಿನ ಕೆಳಗೆ ಕಲ್ಲು ಕೊಡಿ. ಗಾಲಿಯಿಲ್ಲದ ಟ್ರಾಲಿಯನ್ನು ಎಳೆದೊಯ್ಯಲು ಆಗುವುದಿಲ್ಲ.

3. ಬಣ್ಣದ ಹೆಸರನ್ನು ನಂಬಬೇಡಿ

ಹಿಂಬದಿಯ ತಗಡಿನ ಮೇಲೆ ದೇವರ ಹೆಸರು, ಮಗಳ ಹೆಸರು ಬರೆಸುವುದು ಚೆಂದ. ಆದರೆ ಅರ್ಧ ದಿನದ ಕೆಲಸದಲ್ಲಿ ಅದು ಅಳಿಸಿಹೋಗುತ್ತದೆ. ಗುರುತು ಲೋಹದಲ್ಲಿರಬೇಕು. ಚಾಸಿ ನಂಬರನ್ನು ಇನ್ನೂ ಮೂರು ಕಡೆ ಪಂಚ್ ಹೊಡೆಸಿ: ತಳದ ಚಾನೆಲ್ಲಿನ ಒಳಮೈಗೆ, ಅಚ್ಚಿಗೆ, ಹಿಂಬಾಗಿಲಿನ ಕೀಲಿನ ಹಿಂದೆ. ವೆಲ್ಡಿಂಗ್ ಕಡ್ಡಿಯಿಂದಲೇ ನಿಮ್ಮ ಹೆಸರಿನ ಮೊದಲ ಅಕ್ಷರ, ಊರಿನ ಮೊದಲ ಅಕ್ಷರ ತಳದಲ್ಲಿ ಬರೆಸಿ. ಎಲ್ಲೆಲ್ಲಿ ಬರೆಸಿದ್ದೀರಿ ಎನ್ನುವುದು ಮನೆಯವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಾಗುವುದು ಬೇಡ. ಬ್ರಿಟನ್ನಿನ ರೈತರು 2007ರಿಂದ ಸೀಸರ್ ಎಂಬ ವ್ಯವಸ್ಥೆಯಲ್ಲಿ ಯಂತ್ರಗಳಿಗೆ ಇಂಥದ್ದೇ ಕಾಣುವ ಗುರುತು, ಕಾಣದ ಗುರುತು ಎರಡನ್ನೂ ಹಾಕಿಸುತ್ತಿದ್ದಾರೆ. ಅಲ್ಲಿ ಅದಕ್ಕೆ ಚಿಪ್ ಬೇಕು, ಇಲ್ಲಿ ಪಂಚು ಸುತ್ತಿಗೆ ಸಾಕು.

4. ಫೋಟೊ ತೆಗೆಯಿರಿ

ನಾಲ್ಕು ಬದಿ, ತಳ, ಕೊಂಡಿ, ಟೈರಿನ ನಂಬರ್, ಹಳೆಯ ತೇಪೆ, ಬಾಗಿದ ಮೂಲೆ. ಹತ್ತು ಫೋಟೊ ಮಗನ ಫೋನಿಗೂ ಕಳಿಸಿಡಿ.

5. ಟ್ರಾಲಿಗೂ ಆರ್‌ಸಿ ಇರಲಿ

ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರಿಗೆ ಅದರದೇ ವ್ಯಾಖ್ಯೆ ಇದೆ, ಅದರದೇ ನೋಂದಣಿ ಇದೆ. ಟ್ರ್ಯಾಕ್ಟರಿನ ಆರ್‌ಸಿ ಅದಕ್ಕೆ ಸಲ್ಲುವುದಿಲ್ಲ. ಬೀದರ್‌ನ ಕೆಎ-38 ಆಗಲಿ, ಭಾಲ್ಕಿಯ ಕೆಎ-39 ಆಗಲಿ, ನಂಬರಿಲ್ಲದ ಟ್ರಾಲಿ ಕಳೆದುಹೋದರೆ ಅದು ನಿಮ್ಮದು ಎಂದು ತೋರಿಸಲು ಕೈಯಲ್ಲಿ ಏನಿರುತ್ತದೆ? ಮಾಡಿಸಿದ ಕಾರ್ಖಾನೆಯ ಬಿಲ್ಲನ್ನೂ ಜೋಪಾನ ಮಾಡಿ. ಹಳೆಯ ಟ್ರಾಲಿ ಅಗ್ಗಕ್ಕೆ ಸಿಕ್ಕಿತೆಂದು ಕಾಗದವಿಲ್ಲದೆ ಕೊಳ್ಳಲೇಬೇಡಿ. ಕದ್ದ ಮಾಲೆಂದು ತಿಳಿದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ 3 ವರ್ಷದವರೆಗೆ ಜೈಲು. ನಾವು ಕೊಳ್ಳುವುದು ನಿಲ್ಲಿಸಿದರೆ ಕಳ್ಳನಿಗೆ ಟ್ರಾಲಿ ಬರೀ ಗುಜರಿ.

6. ವಿಮೆಯ ಕಾಗದವನ್ನು ಓದಿಸಿಕೊಳ್ಳಿ

ಥರ್ಡ್ ಪಾರ್ಟಿ ವಿಮೆ ಕಳ್ಳತನಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಅದು ನಿಮ್ಮ ವಾಹನದಿಂದ ಪರರಿಗಾದ ನಷ್ಟಕ್ಕೆ ಮಾತ್ರ. ಪೂರ್ಣ ವಿಮೆ ಮಾಡಿಸಿದವರೂ ಒಂದು ಸಾಲು ಹುಡುಕಬೇಕು: ಪಾಲಿಸಿಯಲ್ಲಿ ಟ್ರಾಲಿಯ ನಂಬರ್, ಟ್ರಾಲಿಯ ಬೆಲೆ ಬೇರೆಯಾಗಿ ನಮೂದಾಗಿದೆಯೇ? ಇಲ್ಲದಿದ್ದರೆ ವಿಮೆ ಟ್ರ್ಯಾಕ್ಟರಿಗಷ್ಟೇ. ಏಜೆಂಟರು ಹೇಳಲಿಲ್ಲ ಎಂದು ಆಮೇಲೆ ಹಲುಬಿ ಪ್ರಯೋಜನವಿಲ್ಲ, ಈಗಲೇ ಕೇಳಿ.

7. ಸಾಲಿನಲ್ಲಿ, ಜಾತ್ರೆಯಲ್ಲಿ ಒಬ್ಬರು ಎಚ್ಚರ

ನಾರಂಜಾ ಕಾರ್ಖಾನೆ ಇರಲಿ, ಭಾಲ್ಕಿ ಹುಣಜಿಯ ಮಹಾತ್ಮ ಗಾಂಧಿ ಕಾರ್ಖಾನೆ ಇರಲಿ, ಕಬ್ಬಿನ ಸಾಲಿನಲ್ಲಿ ರಾತ್ರಿ ಕಳೆಯುವುದು ತಪ್ಪಿದ್ದಲ್ಲ. ಎರಡು ಟ್ರಾಲಿ ಜೋಡಿಸಿ ತಂದವರು ಹಿಂದಿನದನ್ನು ಮರೆಯುತ್ತಾರೆ. ಖಾಲಿ ಮಾಡಿದ ಟ್ರಾಲಿಯನ್ನು ಗೇಟಿನ ಹೊರಗೆ ಬಿಟ್ಟು ಚಹಾ ಕುಡಿಯಲು ಹೋಗುತ್ತಾರೆ. ನಾಲ್ಕು ಮಂದಿ ಸೇರಿ ಸರದಿ ಮಾಡಿಕೊಳ್ಳಿ. ಮೈಲಾರ ಮಲ್ಲಣ್ಣನ ಜಾತ್ರೆಗೆ, ಔರಾದಿನ ಅಮರೇಶ್ವರನ ಜಾತ್ರೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವವರು ದರ್ಶನಕ್ಕೆ ಎಲ್ಲರೂ ಒಟ್ಟಿಗೆ ಇಳಿಯಬೇಡಿ.

8. ಜಿಪಿಎಸ್ ಹಾಕುವುದಾದರೆ

ಟ್ರಾಲಿಯಲ್ಲಿ ಬ್ಯಾಟರಿ ಇಲ್ಲ. ಆದ್ದರಿಂದ ಚಾರ್ಜ್ ಮಾಡುವ, ಅಯಸ್ಕಾಂತದಿಂದ ಅಂಟುವ ಜಿಪಿಎಸ್ ಬೇಕು. ಸುತ್ತಲೂ ಕಬ್ಬಿಣ ಮುಚ್ಚಿದ ಜಾಗದಲ್ಲಿಟ್ಟರೆ ಸಿಗ್ನಲ್ ಸಿಗುವುದಿಲ್ಲ. ಸಿಮ್ಮಿನ ರೀಚಾರ್ಜ್ ಮುಗಿದರೆ ಅದು ಬರೀ ಡಬ್ಬಿ. ನೆನಪಿಟ್ಟು ಚಾರ್ಜ್ ಮಾಡುವ ಹುಡುಗರು ಮನೆಯಲ್ಲಿದ್ದರೆ ಹಾಕಿ. ಇಲ್ಲದಿದ್ದರೆ ಆ ದುಡ್ಡಿಗೆ ಒಳ್ಳೆಯ ಸರಪಳಿ ತನ್ನಿ.

9. ಕಳುವಾದ ಮೊದಲ ಗಂಟೆ

"ಇಲ್ಲೇ ಎಲ್ಲೋ ಯಾರೋ ಒಯ್ದಿರಬೇಕು, ಸಂಜೆವರೆಗೆ ನೋಡೋಣ" ಎನ್ನುವ ಮಾತೇ ಕಳ್ಳನನ್ನು ಗಡಿ ದಾಟಿಸುವುದು. ಕಂಡ ಕೂಡಲೇ 112ಕ್ಕೆ ಫೋನ್ ಮಾಡಿ. ಉದಗೀರ್, ದೇಗಲೂರು, ಜಹೀರಾಬಾದಿನ ಬೀಗರಿಗೆ, ನೆಂಟರಿಗೆ ಫೋಟೊ ಕಳಿಸಿ. ಅಲ್ಲಿನ ವೆಲ್ಡಿಂಗ್ ಅಂಗಡಿ, ಗುಜರಿ ಅಂಗಡಿಗಳ ಮೇಲೆ ಕಣ್ಣಿಡಲು ನಮ್ಮವರಿಗಿಂತ ಬೇರೆ ಯಾರು ಬೇಕು?

ದೂರು ಕೊಡುವಾಗ "ಇದು ನಮ್ಮ ಸರಹದ್ದಲ್ಲ" ಎಂಬ ಮಾತಿಗೆ ಹಿಂದೆ ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಸರಕು ಸಾಗಿಸುವ ವಾಹನದ ಕಳ್ಳತನಕ್ಕೆ ನ್ಯಾಯ ಸಂಹಿತೆಯ 305ನೇ ಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ.

ವಿಮಾ ಕಂಪನಿಗೂ ಅದೇ ದಿನ ಬರೆದು ತಿಳಿಸಿ. ತಡವಾಯಿತೆಂದು ಎದೆಗುಂದಬೇಡಿ. ಟ್ರ್ಯಾಕ್ಟರ್ ಕಳೆದುಕೊಂಡ ಒಬ್ಬ ರೈತ ಅದೇ ದಿನ ಎಫ್‌ಐಆರ್ ಮಾಡಿಸಿ, ವಿಮಾ ಕಂಪನಿಗೆ 52 ದಿನ ತಡವಾಗಿ ತಿಳಿಸಿದ್ದ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅವನನ್ನು ಉಳಿಸಿದ್ದು ಆ ದಿನದ ಎಫ್‌ಐಆರ್.

ಟ್ರಾಲಿ ಸಿಕ್ಕರೆ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಲು ಬಿಡಬೇಡಿ. ಆರ್‌ಸಿ ಹಿಡಿದು ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ವಶಪಡಿಸಿಕೊಂಡ ವಾಹನಗಳನ್ನು ಠಾಣೆಗಳಲ್ಲಿ ಬಹುಕಾಲ ಇಟ್ಟುಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಇವತ್ತು ರಾತ್ರಿ ಮಲಗುವ ಮುನ್ನ ಟಾರ್ಚ್ ಹಿಡಿದು ಟ್ರಾಲಿಯ ಹತ್ತಿರ ಹೋಗಿ ಬನ್ನಿ. ಚಾಸಿ ನಂಬರ್ ಹುಡುಕಿ ಬರೆದುಕೊಳ್ಳಿ. ಮೂತಿ ರಸ್ತೆಗಿದ್ದರೆ ತಿರುಗಿಸಿ.