ಖೀಮಾದಲ್ಲಿ ಕೊಬ್ಬು ಎಷ್ಟಿರಬೇಕು? ಹೇಗೆ ಬೇಯಿಸಬೇಕು?



ನಮ್ಮಲ್ಲಿ ಮಾಂಸಾಹಾರಿ ಹೋಟೆಲ್ ನಡೆಸುವ ಹೆಚ್ಚಿನವರ ಮೆನುವಿನಲ್ಲಿ ಖೀಮಾ ಇದ್ದೇ ಇರುತ್ತದೆ. ಖೀಮಾ ಪಾವ್, ಖೀಮಾ ಮಟರ್, ಸೀಕ್ ಕಬಾಬ್, ಸಮೋಸ ಎಲ್ಲದಕ್ಕೂ ಅದೇ ಬೇಕು. ಆದರೆ ತರಿಸಿದ ಖೀಮಾದಲ್ಲಿ ಮಾಂಸ ಎಷ್ಟು, ಕೊಬ್ಬು ಎಷ್ಟು ಎಂದು ತೂಗಿ ನೋಡುವವರು ಕಡಿಮೆ. ನಾವೂ ನೋಡುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಖೀಮಾದ ಮೇಲೆ ಒಂದು ಬೆರಳು ದಪ್ಪ ಎಣ್ಣೆ ತೇಲತೊಡಗಿತು. ಗಿರಾಕಿಗಳು ತಟ್ಟೆ ತಳ್ಳಿ ಎದ್ದುಹೋಗತೊಡಗಿದರು. ಕುಕ್ ಎಣ್ಣೆ ಜಾಸ್ತಿ ಸುರಿಯುತ್ತಾನೆಂದು ನಾವು ಎಲ್ಲರ ಎದುರಿಗೇ ಬೈದೆವು. ಅವನು ಒಂದು ಮಾತೂ ಆಡದೆ ಲೆಕ್ಕ ಮುಗಿಸಿಕೊಂಡು ಊರಿಗೆ ಹೋದ. ಹೊಸ ಕುಕ್ ಬಂದ ಮೇಲೂ ಎಣ್ಣೆ ತೇಲುವುದು ನಿಲ್ಲಲಿಲ್ಲ. ಆಗ ಗೊತ್ತಾಯಿತು, ತಪ್ಪು ಕೈಯದ್ದಲ್ಲ, ಮಾಲಿನದ್ದು. ಒಳ್ಳೆಯ ಕೆಲಸಗಾರನನ್ನು ಸುಮ್ಮನೆ ಕಳೆದುಕೊಂಡೆವು. ಬೇರೆಯವರಿಗೆ ಹೀಗಾಗಬಾರದೆಂದು ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಲೆಕ್ಕ ಮೊದಲು

ಅಮೆರಿಕದಲ್ಲಿ ದನದ ಮಾಂಸದ ಖೀಮಾ ಪ್ಯಾಕೆಟಿನ ಮೇಲೆ 80/20, 90/10 ಎಂದು ಬರೆದಿರುತ್ತದೆ. ಮೊದಲನೆಯದು ಮಾಂಸ, ಎರಡನೆಯದು ಕೊಬ್ಬು. 30 ಶೇಕಡಕ್ಕಿಂತ ಹೆಚ್ಚು ಕೊಬ್ಬು ಇರಬಾರದೆಂದು ಅಲ್ಲಿ ನಿಯಮವಿದೆ. ನಮ್ಮ ಮಟನ್ ಅಂಗಡಿಯ ಖೀಮಾಕ್ಕೆ ಅಂಥ ಚೀಟಿ ಇಲ್ಲ. ನಾವೇ ನೋಡಿಕೊಳ್ಳಬೇಕು.

ಕಿಲೋಗೆ 800 ರೂಪಾಯಿ ಎಂದು ಇಟ್ಟುಕೊಳ್ಳಿ. ದಿನಕ್ಕೆ 10 ಕಿಲೋ ಖೀಮಾ ತಂದರೆ 8,000 ರೂಪಾಯಿ. ಅದರಲ್ಲಿ 15 ಶೇಕಡ ಕೊಬ್ಬಿದ್ದರೆ ಎಂಟೂವರೆ ಕಿಲೋ ಮಾಂಸ. 30 ಶೇಕಡ ಇದ್ದರೆ ಏಳೇ ಕಿಲೋ. ಒಂದೂವರೆ ಕಿಲೋ ಕೊಬ್ಬಿಗೆ ನಾವು ಮಾಂಸದ ಬೆಲೆ ಕೊಟ್ಟಂತಾಯಿತು. ದಿನಕ್ಕೆ 1,200 ರೂಪಾಯಿ, ತಿಂಗಳಿಗೆ 36,000 ರೂಪಾಯಿ! ಒಬ್ಬ ಕೆಲಸಗಾರನ ಪಗಾರ ಕಡಾಯಿಯಲ್ಲೇ ಕರಗಿಹೋಗುತ್ತದೆ.

ಪರೀಕ್ಷೆ ಮಾಡುವ ವಿಧಾನ

200 ಗ್ರಾಂ ಖೀಮಾವನ್ನು ಅರ್ಧ ಲೀಟರ್ ನೀರಿಗೆ ಹಾಕಿ, ಗಂಟು ಒಡೆದು, ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ನೀರನ್ನು ಸ್ಟೀಲ್ ಪಾತ್ರೆಗೆ ಸೋಸಿ, ಮಾಂಸವನ್ನು ಸೌಟಿನಿಂದ ಒತ್ತಿ ಹಿಂಡಿ. ಪಾತ್ರೆಯನ್ನು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕೊಬ್ಬು ಬಿಳಿ ಹಪ್ಪಳದ ಹಾಗೆ ಮೇಲೆ ಗಟ್ಟಿಯಾಗಿರುತ್ತದೆ. ಅದನ್ನು ತೆಗೆದು, ನೀರು ಒರೆಸಿ ತೂಗಿ. ಬಂದ ಗ್ರಾಮಿನ ಅರ್ಧವೇ ಶೇಕಡಾವಾರು. 30 ಗ್ರಾಂ ಬಂದರೆ 15 ಶೇಕಡ. ಸ್ವಲ್ಪ ಕೊಬ್ಬು ಮಾಂಸದಲ್ಲೇ ಉಳಿಯುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ತುಸು ಹೆಚ್ಚೇ.

ಇದಕ್ಕಿಂತ ಸುಲಭವೆಂದರೆ ರೆಡಿ ಖೀಮಾ ಬಿಟ್ಟು, ಕಣ್ಣೆದುರೇ ತುಂಡು ಆರಿಸಿ ಮೆಷಿನ್ನಿಗೆ ಹಾಕಿಸುವುದು. ರಾನ್ ಮತ್ತು ದಸ್ತಿಯಲ್ಲಿ ಕೊಬ್ಬು ಕಡಿಮೆ, ಸೀನಾದಲ್ಲಿ ಹೆಚ್ಚು.

ಯಾವುದಕ್ಕೆ ಎಷ್ಟು?

ಕೊಬ್ಬು ಪೂರ್ತಿ ಬೇಡವೆಂದಲ್ಲ. ರುಚಿ, ಮೆತ್ತಗೆ ಎರಡೂ ಅದರಿಂದಲೇ. ಗ್ರೇವಿ ಖೀಮಾಕ್ಕೆ ನಾವು 10ರಿಂದ 15 ಶೇಕಡ ಇಡುತ್ತೇವೆ. ಸಮೋಸದ ಹೂರಣಕ್ಕೆ 10ಕ್ಕಿಂತ ಕಡಿಮೆ, ಇಲ್ಲದಿದ್ದರೆ ಹಾಳೆ ಮೆತ್ತಗಾಗುತ್ತದೆ. ಸೀಕ್ ಕಬಾಬಿಗೆ 20ರ ಹತ್ತಿರ ಬೇಕು. ಕಡಿಮೆಯಾದರೆ ಒಣಗಿ ಹುಡಿಯಾಗುತ್ತದೆ, ಹೆಚ್ಚಾದರೆ ಕೊಬ್ಬು ಕರಗಿ ಸಲಾಕೆಯಿಂದ ಜಾರಿ ಬೀಳುತ್ತದೆ. ಕಬಾಬಿನ ಮಾಂಸ ಮತ್ತು ಕೊಬ್ಬನ್ನು ಚೆನ್ನಾಗಿ ತಣ್ಣಗೆ ಮಾಡಿಯೇ ಅರೆಯಬೇಕು. ಬೆಚ್ಚಗಿದ್ದರೆ ಕೊಬ್ಬು ಮೇಣದಂತೆ ಸವರಿಕೊಳ್ಳುತ್ತದೆ, ಮಾಂಸ ಹಿಡಿದು ನಿಲ್ಲುವುದಿಲ್ಲ.

ಬೇಯಿಸುವ ಕ್ರಮ

ಹೆಚ್ಚಿನ ಅಡುಗೆಮನೆಗಳಲ್ಲಿ ಮೊದಲು ಎಣ್ಣೆ, ಈರುಳ್ಳಿ, ಮಸಾಲೆ, ಕೊನೆಗೆ ಖೀಮಾ. ಹೀಗೆ ಮಾಡಿದರೆ ಹಾಕಿದ ಎಣ್ಣೆಯ ಜೊತೆ ಖೀಮಾದ ಕೊಬ್ಬೂ ಸೇರುತ್ತದೆ. ನಾವು ಈಗ ಕ್ರಮ ಬದಲಿಸಿದ್ದೇವೆ.

ದಪ್ಪ ತಳದ ಕಡಾಯಿ ಕಾಯಿಸಿ, ಎಣ್ಣೆ ಹಾಕದೆ ಒಂದು ಸಲಕ್ಕೆ ಒಂದು ಕಿಲೋ ಖೀಮಾ ಹರಡಿ. ಒಮ್ಮೆಗೇ ಮೂರು ನಾಲ್ಕು ಕಿಲೋ ಹಾಕಿದರೆ ನೀರು ಬಿಟ್ಟು ಕುದಿಯುತ್ತದೆಯೇ ಹೊರತು ಹುರಿಯುವುದಿಲ್ಲ. ಎರಡು ನಿಮಿಷ ಬಿಟ್ಟು ಗಂಟು ಒಡೆಯಿರಿ. ಮೊದಲು ನೀರು ಬರುತ್ತದೆ. ಅದು ಇಂಗಿದಾಗ ಕುದಿಯುವ ಸದ್ದು ಹೋಗಿ ಚಟಪಟ ಸದ್ದು ಬರುತ್ತದೆ. ಆಗ ಬಿಟ್ಟುಕೊಳ್ಳುವುದು ಕೊಬ್ಬು. ಖೀಮಾ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕಡಾಯಿ ವಾಲಿಸಿ ಕೊಬ್ಬನ್ನು ಸೌಟಿನಿಂದ ತೆಗೆಯಿರಿ. ಅದರಲ್ಲಿ ಬೇಕಾದಷ್ಟನ್ನೇ ಬಳಸಿ ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಟೊಮೆಟೊ, ಮಸಾಲೆ ಹುರಿಯಿರಿ. ಬೇರೆ ಎಣ್ಣೆ ಬೇಡ. ಖೀಮಾ ಸೇರಿಸಿ, ಬಿಸಿನೀರು ಹಾಕಿ, ಮುಚ್ಚಿ, ಮೆತ್ತಗಾಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ. ಬಡಿಸುವಾಗ ಬಿಸಿಯಾಗಿಯೇ ಕೊಡಿ. ಮಟನ್ ಕೊಬ್ಬು ತಟ್ಟೆಯಲ್ಲಿ ಆರಿದರೆ ಬೆಳ್ಳಗೆ ಹೆಪ್ಪುಗಟ್ಟಿ ಬಾಯಿಗೆ ಅಂಟುತ್ತದೆ.

ತೆಗೆದ ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ. ಪೈಪಿನಲ್ಲಿ ಗಟ್ಟಿಯಾಗಿ ಚೇಂಬರ್ ಕಟ್ಟುತ್ತದೆ. ಡಬ್ಬಿಯಲ್ಲಿ ತುಂಬಿಡಿ.

ಆರೋಗ್ಯದ ಮಾತು

ಇಡೀ ತುಂಡಿನಲ್ಲಿ ಕ್ರಿಮಿಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಅರೆದಾಗ ಅವು ಒಳಗೆಲ್ಲ ಸೇರುತ್ತವೆ. 1992–93ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್‌ನಿಂದ ಹರಡಿದ ಸೋಂಕಿಗೆ ನಾಲ್ಕು ಮಕ್ಕಳು ತೀರಿಕೊಂಡರು. ಆದ್ದರಿಂದ ಖೀಮಾದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಕಬಾಬಿಗಂತೂ ಬಣ್ಣ ನೋಡಿ ನಂಬಬೇಡಿ, ಥರ್ಮಾಮೀಟರ್ ಚುಚ್ಚಿ ನೋಡಿ. ಹಸಿ ಖೀಮಾವನ್ನು 4 ಡಿಗ್ರಿಯೊಳಗಿಟ್ಟು ಅದೇ ದಿನ, ಹೆಚ್ಚೆಂದರೆ ಮರುದಿನ ಮುಗಿಸಿ. ಫ್ರೀಜರಿನದ್ದನ್ನು ಕಟ್ಟೆಯ ಮೇಲಲ್ಲ, ಫ್ರಿಜ್ಜಿನೊಳಗೇ ಕರಗಿಸಿ.

ಈ ವಾರ ಒಮ್ಮೆ 200 ಗ್ರಾಂ ತೂಗಿ ಪರೀಕ್ಷಿಸಿ ನೋಡಿ. ಕುಕ್‌ಗೆ ಬೈಯುವ ಮೊದಲು ಮಾಲು ನೋಡುವುದು ಮಾಲೀಕರಾದ ನಮ್ಮ ಕೆಲಸ.