ವಯಸ್ಕರ ಅನಕ್ಷರತೆ: ಸಹಿಯಿಂದಾಚೆಗೆ

ಅನ್ನಕ್ಕಾಗಿ ದುಡಿಯುವ ಕೈಗೆ ಅಕ್ಷರವು ದೊರೆಯದಿರುವುದನ್ನು ಆ ವ್ಯಕ್ತಿಯ ದುರ್ದೈವವೆಂದು ತಳ್ಳಿಹಾಕಲಾಗದು. ಅದು ಸಮಾಜದ ಲೋಪ. ಸಾಲಪತ್ರದ ಮೊತ್ತ, ಜಮೀನಿನ ಪಹಣಿ, ಔಷಧದ ಸೀಸೆಯ ಮೇಲಣ ಸೂಚನೆ, ಬಸ್ಸಿನ ಫಲಕ ಇವೆಲ್ಲಕ್ಕೂ ಅನಕ್ಷರಸ್ಥನು ಪರರ ಮಾತನ್ನೇ ನಂಬಬೇಕಾಗುತ್ತದೆ. ಆ ನಂಬಿಕೆಗೆ ದ್ರೋಹ ಬಗೆದಾಗ ಅವನೊತ್ತಿದ ಹೆಬ್ಬೆಟ್ಟೇ ಅವನಿಗೆ ಪ್ರತಿಸಾಕ್ಷಿಯಾಗಿ ನಿಲ್ಲುತ್ತದೆ.

ಏಳು ವರ್ಷ ಮೇಲ್ಪಟ್ಟು, ಯಾವುದಾದರೊಂದು ಭಾಷೆಯನ್ನು ಅರ್ಥವರಿತು ಓದಿ ಬರೆಯಬಲ್ಲವರನ್ನು ಜನಗಣತಿಯು ಸಾಕ್ಷರರೆಂದು ಪರಿಗಣಿಸುತ್ತದೆ. 2011ರ ಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇಕಡಾ 75.36, ಪುರುಷರಲ್ಲಿ 82.47, ಸ್ತ್ರೀಯರಲ್ಲಿ 68.08. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಈ ಪ್ರಮಾಣವು ಶೇಕಡಾ 88ನ್ನು ದಾಟಿದ್ದರೆ, ಯಾದಗಿರಿಯಲ್ಲಿ 52ರ ಆಸುಪಾಸಿನಲ್ಲಿತ್ತು. ಒಂದೇ ನಾಡಿನೊಳಗಿನ ಈ ಅಂತರದಲ್ಲಿ ಬಡತನ, ಗುಳೆ ಹೋಗುವ ಅನಿವಾರ್ಯತೆ, ಬಾಲ್ಯವಿವಾಹ, ಹೆಣ್ಣುಮಕ್ಕಳ ಶಿಕ್ಷಣದ ಬಗೆಗಿನ ಉದಾಸೀನ ಇವುಗಳ ಚರಿತ್ರೆಯೇ ಅಡಗಿದೆ.

ಪ್ರಯತ್ನಗಳು ನಡೆದಿಲ್ಲವೆಂದಲ್ಲ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಆರಂಭವಾದುವು. ಕೇರಳದ ಎರ್ನಾಕುಲಂ ಜಿಲ್ಲೆಯು 1990ರಲ್ಲಿ ಸಂಪೂರ್ಣ ಸಾಕ್ಷರವೆಂದು ಘೋಷಿತವಾಯಿತು. ಅಲ್ಲಿ ಸರಕಾರದ ಆಜ್ಞೆಗಿಂತ ಸ್ವಯಂಸೇವಕರ ಸಹಸ್ರಾರು ಕೈಗಳು ಹೆಚ್ಚು ಕೆಲಸ ಮಾಡಿದುವು. ಆದರೆ ಹಲವೆಡೆ ಕಲಿಕೆಯು ಹೆಸರು ಬರೆಯುವುದರೊಂದಿಗೇ ಮುಗಿಯಿತು. ಬಳಸದ ಅಕ್ಷರವು ಬಿತ್ತದೆ ಕಟ್ಟಿಟ್ಟ ಬೀಜದಂತೆ. ಕೆಲಕಾಲದಲ್ಲಿ ಅದರ ಸತ್ತ್ವ ಉಡುಗುತ್ತದೆ. ಸಹಿ ಹಾಕಬಲ್ಲವನು ಆ ಸಹಿಯ ಮೇಲೆ ಬರೆದಿರುವುದನ್ನು ಓದಲಾರನಾದರೆ ಹೆಬ್ಬೆಟ್ಟಿಗೂ ಸಹಿಗೂ ಭೇದವೇನು?

ಪರಿಹಾರದ ದಾರಿಯನ್ನು ನಮ್ಮ ಪರಂಪರೆಯಲ್ಲಿಯೇ ಕಾಣಬಹುದು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣರು ತಮ್ಮ ಕಾಯಕದ ನುಡಿಯಲ್ಲಿಯೇ ಅನುಭಾವವನ್ನು ಹೇಳಿದರು. ವಯಸ್ಕರ ಪಾಠವೂ ಹಾಗೆಯೇ ಕಾಯಕದಿಂದ ಮೊದಲಾಗಬೇಕು. ರೈತನಿಗೆ ಬೀಜ, ಗೊಬ್ಬರ, ಪಹಣಿ. ಕೂಲಿಕಾರಳಿಗೆ ಹಾಜರಿ, ಕೂಲಿ, ಪಾಸ್‌ಬುಕ್ಕು. ಇವೇ ಮೊದಲ ಪದಗಳಾಗಲಿ. ವಯಸ್ಕನು ಬರಿದಾದ ಕೊಡವಲ್ಲ. ಮಳೆ, ಮಣ್ಣು, ಲೆಕ್ಕ, ಲೋಕವ್ಯವಹಾರಗಳನ್ನು ಬಲ್ಲವನು. ಅವನನ್ನು ಮಗುವಿನಂತೆ ಗದರಿಸುವ ಗುರುವಿನ ಬಳಿಗೆ ಅವನು ಮರುದಿನ ಬಾರನು.

ಎರಡನೆಯದಾಗಿ, ತರಗತಿಯ ವೇಳೆಯು ದುಡಿಮೆಯ ವೇಳೆಗೆ ಹೊಂದಿಕೊಳ್ಳಬೇಕು. ಸುಗ್ಗಿಯಲ್ಲಿ ಬಿಡುವು, ಬೇಸಗೆಯಲ್ಲಿ ಹೆಚ್ಚು ಪಾಠ ಎಂಬ ಕ್ರಮವೇ ಲೇಸು. ಸ್ತ್ರೀಯರಿಗೆ ಓಣಿಯಲ್ಲಿಯೇ ಕಲಿಕೆಯ ನೆಲೆ ದೊರೆಯಬೇಕು. ಆ ಹೊತ್ತಿನಲ್ಲಿ ಅವರ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡೂ ಇರಬೇಕು. ಮೂರನೆಯದಾಗಿ, ಕಲಿತ ಮೇಲೆ ಓದಲು ದಪ್ಪ ಅಕ್ಷರದ, ಸರಳವಾದ ಪುಸ್ತಕಗಳು ಊರ ಗ್ರಂಥಾಲಯದಲ್ಲಿ ಸಿಗಬೇಕು. ಇದಿಲ್ಲದಿದ್ದರೆ ಹಿಂದಿನ ಶ್ರಮವೆಲ್ಲ ವ್ಯರ್ಥ.

ಇಲ್ಲಿ ವಿದ್ಯಾರ್ಥಿಗಳ ಪಾತ್ರವು ಹಿರಿದು. ಮಠದ ನೆರಳಿನಲ್ಲಿ ಅನ್ನ, ಆಶ್ರಯ, ಅಕ್ಷರಗಳ ದಾಸೋಹವನ್ನು ಸವಿದ ವಿದ್ಯಾರ್ಥಿಯು ರಜೆಯಲ್ಲಿ ಊರಿಗೆ ಹೋದಾಗ ಒಬ್ಬ ಹಿರಿಯರಿಗಾದರೂ ಓದು ಕಲಿಸಲಿ. ಮುಂದಿನ ರಜೆಯಲ್ಲಿ ಅವರಿಂದಲೇ ಒಂದು ಪುಟವನ್ನು ಓದಿಸಿ ಕೇಳಲಿ. ಪಡೆದುದನ್ನು ಹಂಚಿದಾಗಲೇ ದಾಸೋಹವು ಪೂರ್ಣವಾಗುತ್ತದೆ.