ಊರಾಗಿನ ಮನೆ ಮಾರುವಾಗ ಎಷ್ಟು ಹೇಳಬೇಕು?

ಹೊಲದ ರೇಟು ಕೇಳಿದರೆ ಎಲ್ಲರೂ ಹೇಳುತ್ತಾರೆ. ಊರಾಗಿನ ಮನೆಗೆ ಎಷ್ಟು ಅಂದ್ರೆ ಮಂದಿ ಗಪ್ಪಾಗುತ್ತಾರೆ. ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ನನಗೆ ಹೆಚ್ಚಾಗಿ ಕೇಳುವುದು ಇದನ್ನೇ. ನಮ್ಮ ಕೊಳಕೂರ ಕಡೆಯ ಮನೆಗಳನ್ನೇ ಕಣ್ಣಮುಂದೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಮೊಬೈಲ್‌ನಲ್ಲಿ ಕಾವೇರಿ ಪೋರ್ಟಲ್ ತೆಗೆದು ಊರಿನ ಮಾರ್ಗಸೂಚಿ ಬೆಲೆ ನೋಡ್ರಿ. ಅದು ಸರ್ಕಾರ ಶುಲ್ಕ ಹಾಕಲು ಇಟ್ಟ ದರ, ಮಾರುಕಟ್ಟೆ ದರ ಅಲ್ಲ. ಚದರ ಮೀಟರ್ ಲೆಕ್ಕವಿದ್ದರೆ 10.76ರಿಂದ ಭಾಗಿಸಿ, ಚದರ ಅಡಿಯ ದರ ಸಿಗುತ್ತದೆ. ಆಮೇಲೆ ಓಣಿಯಲ್ಲಿ ವಿಚಾರಿಸಿ. "ನನಗ ಹತ್ತು ಲಕ್ಷಕ್ಕ ಕೇಳಿದ್ರು, ಕೊಡಲಿಲ್ಲ" ಅನ್ನುವವರ ಮಾತು ಬಿಡಿ. ಖರೇನೇ ಮಾರಿ ರೊಕ್ಕ ಎಣಿಸಿಕೊಂಡವರ ಮಾತು ಬರೆದುಕೊಳ್ಳಿ.

ಜಾಗ ಬೇರೆ, ಕಟ್ಟಡ ಬೇರೆ ಲೆಕ್ಕ ಹಾಕಿ. ಉದಾಹರಣೆಗೆ 30×40ರ ಜಾಗ, ಓಣಿಯ ದರ ಅಡಿಗೆ 400 ರೂಪಾಯಿ ಅಂದುಕೊಳ್ಳೋಣ: 4,80,000. ಅದರಲ್ಲಿ 600 ಅಡಿಯ ಸ್ಲ್ಯಾಬ್ ಮನೆ, ಇವತ್ತು ಕಟ್ಟಲು ಅಡಿಗೆ 1,500 ಆದರೆ 9 ಲಕ್ಷ. ಅರ್ಧ ಆಯುಷ್ಯ ಮುಗಿದಿದ್ದರೆ 4,50,000. ಕೂಡಿಸಿದರೆ 9,30,000. ಇದಕ್ಕೆ ನಾನಾದರೆ ಹತ್ತು ಹೇಳಿ, ಒಂಬತ್ತಕ್ಕೆ ನಿಲ್ಲುತ್ತೇನೆ. ಹದಿನೈದು ಹೇಳಿದರೆ ಮನೆ ನೋಡಲೂ ಯಾರೂ ಬರುವುದಿಲ್ಲ.

ಮಣ್ಣಿನ ಮಾಳಿಗೆ ಮನೆಗೆ ಈ ಲೆಕ್ಕ ಹತ್ತುವುದಿಲ್ಲ. ಅಲ್ಲಿ ಜಾಗದ ಬೆಲೆಯ ಮೇಲೆ ಗೋಡೆಯ ಕಲ್ಲು, ತೊಲೆ, ಬಾಗಿಲು, ಶಹಾಬಾದ್ ಕಲ್ಲಿನ ಹಾಸು ಇಷ್ಟೇ ಸೇರಿಸಬೇಕು. ಅಜ್ಜ ಕಟ್ಟಿಸಿದ ಮನೆ ಅಂತ ನಮಗೆ ಜೀವ. ಕೊಳ್ಳುವವ ಅದಕ್ಕೆ ರೊಕ್ಕ ಕೊಡೋದಿಲ್ಲ.

ಭೀಮಾ ದಂಡೆಯ ಊರಾದರೆ 2020ರ ಅಕ್ಟೋಬರ್ ಪ್ರವಾಹದಲ್ಲಿ ನೀರು ಎಲ್ಲಿತನಕ ಬಂತು ಎಂದು ಕೇಳಿಯೇ ಕೇಳುತ್ತಾರೆ. ಇದ್ದದ್ದು ಹೇಳಿಬಿಡಿ, ಓಣಿಗೆಲ್ಲ ಗೊತ್ತಿರುವ ಮಾತು ಅದು.

ಬೆಲೆಯನ್ನು ಹೆಚ್ಚು ಕೆಡಿಸುವುದು ಕಾಗದ. ಇ-ಸ್ವತ್ತು ನಮೂನೆ 9, 11 ಕೈಯಲ್ಲಿರಲಿ, ಋಣಭಾರ ಪತ್ರವೂ ಇರಲಿ. ಪಿತ್ರಾರ್ಜಿತ ಮನೆಯಾದರೆ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು. ಅಕ್ಕ-ತಂಗಿಯರನ್ನು ಕೂರಿಸಿ ಮಾತಾಡದೆ ಬೆಲೆ ಹೇಳಬೇಡಿ. ನಾಳೆ ತಕರಾರು ಬಂದೀತು ಅನ್ನಿಸಿದರೆ ಕೊಳ್ಳುವವ ಲಕ್ಷಗಟ್ಟಲೆ ಕಡಿಮೆ ಕೇಳುತ್ತಾನೆ, ಅವನದೇನೂ ತಪ್ಪಿಲ್ಲ. ಅವನಿಗೆ ಮುದ್ರಾಂಕದ ಖರ್ಚೂ ಇದೆ. ನೋಂದಣಿ ಶುಲ್ಕವೇ 2025ರ ಆಗಸ್ಟ್ 31ರಿಂದ 1ರಿಂದ 2 ಪ್ರತಿಶತ ಆಗಿದೆ.

ಗೋಡೆಗೆ ಗೋಡೆ ಹತ್ತಿದ ಮನೆಯವರನ್ನು ಮೊದಲು ಕೇಳಿ. ನಿಮ್ಮ ಜಾಗ ಅವರಿಗೆ ಕೂಡಿಕೊಂಡರೆ ಹೊರಗಿನವರಿಗಿಂತ ಚಲೋ ಬೆಲೆ ಕೊಟ್ಟಾರು. ಮಗಳ ಮದುವೆ, ಸಾಲದ ಅವಸರ ಮಾತ್ರ ಬಾಯಿಬಿಡಬೇಡಿ.

ತೊಗರಿ ರೊಕ್ಕ ಕೈಗೆ ಬರುವ ಜನವರಿಯಿಂದ ಮಾರ್ಚ್‌ವರೆಗೆ ಗಿರಾಕಿ ಹೆಚ್ಚು. ಆಗಲೂ ಯಾರೂ ಹತ್ತಿರ ಬರದಿದ್ದರೆ ಬೇಸಿಗೆಯಲ್ಲೇ ಬೆಲೆ ಇಳಿಸಿ. ಯಾರೂ ಇರದ ಮಾಳಿಗೆ ಮನೆ ಒಂದು ಮಳೆಗಾಲ ಸೋರಿತು ಅಂದ್ರೆ ತೊಲೆ ಕೊಳೆತು, ಮುಂದಿನ ವರ್ಷ ಬರೀ ಜಾಗದ ಬೆಲೆಗೆ ಮಾರಬೇಕಾಗುತ್ತದೆ.